ಊರಿನ ಹೆಸರಿಲ್ಲದ ತಂಡದ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
4 ಏಪ್ರಿಲ್ 2025

ಮಾನ್ಯ ಜಾನ್ ಫಿಶರ್ ಅವರಿಗೆ ಹಾಗೂ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಆಡಳಿತ ನೋಡಿಕೊಳ್ಳುವ ಎಲ್ಲರಿಗೂ,

ನಮಸ್ಕಾರ.

ಓಕ್‌ಲ್ಯಾಂಡ್ ಬಿಟ್ಟು ಬಂದ ನಿಮ್ಮ ತಂಡ, ಲಾಸ್ ವೇಗಸ್‌ಗೆ ಹೋಗುವ ತನಕ ಮೂರು ವರ್ಷ ಆಡಲಿರುವ ಹೊಸ ಜಾಗದಲ್ಲಿ ಈ ವಾರ ಮೊದಲ ತವರು ಸರಣಿ ಆಡಿತು. ಸ್ಯಾಕ್ರಮೆಂಟೊ ನದಿಯ ಆಚೆ ದಡದ ಸಟ್ಟರ್ ಹೆಲ್ತ್ ಪಾರ್ಕ್‌ನಲ್ಲಿ, ಶಿಕಾಗೊ ಕಬ್ಸ್ ಎದುರು, ಮೂರು ಪಂದ್ಯ. ಮೂರನ್ನೂ ಸೋತೆವು. 18-3, 7-4, 10-2. ಒಟ್ಟು ಲೆಕ್ಕ ಹಾಕಿದರೆ ಅವರು 35 ರನ್, ನಾವು 9. ಹೊಸ ಮನೆಯಲ್ಲಿ ಮೊದಲ ಮೂರು ದಿನ ಹೀಗೆ ಕಳೆದದ್ದಕ್ಕೆ ಬೇಜಾರಾಗಿದೆ. ಆದರೆ ಈ ಪತ್ರ ಬರೀ ಸೋಲಿನ ಬಗ್ಗೆ ಅಲ್ಲ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಮಾತು ನಿಮಗೆ ಎಷ್ಟು ಸಲ್ಲಬೇಕೋ ಅಷ್ಟೇ ಇಲ್ಲಿನ ನಮ್ಮ ಜನಕ್ಕೂ ಸಲ್ಲಬೇಕು. ಫ್ರೀಮಾಂಟ್, ಯೂನಿಯನ್ ಸಿಟಿ, ಡಬ್ಲಿನ್ ಕಡೆ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ಕ್ರಿಕೆಟ್ ನೋಡಿ ಬೆಳೆದವರು ನಾವು. ಇಲ್ಲಿಗೆ ಬಂದ ಮೇಲೆ ಮಕ್ಕಳ ಜೊತೆ ಬೇಸ್‌ಬಾಲ್ ಕಲಿತೆವು. ಕಲಿತದ್ದು ನಿಮ್ಮ ತಂಡದಿಂದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೈಂಟ್ಸ್ ಅನ್ನುವ ಇನ್ನೊಂದು ತಂಡ ಇತ್ತು, ಆದರೆ ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿದರೆ ಸೀದಾ ಕೊಲಿಸಿಯಂ ಸ್ಟೇಷನ್. ಇಳಿದರೆ ಎದುರಿಗೇ ನಿಮ್ಮ ಹಳೇ ಮೈದಾನ ಕೊಲಿಸಿಯಂಗೆ ಹೋಗುವ ಉದ್ದನೆಯ ಕಾಲುಸೇತುವೆ. ಅದರ ಎರಡೂ ಕಡೆ ಹಾಟ್ ಡಾಗ್ ಸುಡುವವರು, ನೀರಿನ ಬಾಟಲಿ ಮಾರುವವರು, ಹಸಿರು ಟೋಪಿ ಹರಡಿಕೊಂಡು ನಿಂತವರು. ಟಿಕೆಟ್ ನಮ್ಮಂಥವರ ಕೈಗೆ ಎಟುಕುತ್ತಿತ್ತು. ಹಾಗಾಗಿ ಓಕ್‌ಲ್ಯಾಂಡ್ ಎ'ಸ್ (ಅಥ್ಲೆಟಿಕ್ಸ್‌ಗೆ ನಾವು ಕರೆಯುವ ಚಿಕ್ಕ ಹೆಸರು) ನಮ್ಮ ಟೀಮ್ ಆಯಿತು. ಬೇರೆ ದೊಡ್ಡ ಕಾರಣ ಏನೂ ಇರಲಿಲ್ಲ.

ಮೊದಲು ಈ ಸರಣಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ.

ಮಾರ್ಚ್ 31ರ ಸೋಮವಾರ, ಮೊದಲ ಪಂದ್ಯ. ಟಿಕೆಟ್ ಸಿಗಲಿಲ್ಲ, ಟಿವಿಯಲ್ಲಿ ನೋಡಿದೆವು. 12,119 ಜನ ಬಂದಿದ್ದರು. ಆ ಪುಟ್ಟ ಮೈದಾನಕ್ಕೆ ಅದು ತುಂಬಿದ ಮನೆಯೇ. ಜನ ಎಷ್ಟು ಆಸೆಯಿಂದ ಬಂದಿದ್ದರು ಅನ್ನುವುದು ಪರದೆಯಲ್ಲೇ ಗೊತ್ತಾಗುತ್ತಿತ್ತು. ಸ್ಯಾಕ್ರಮೆಂಟೊದವರು ದೊಡ್ಡ ಲೀಗಿನ ಬೇಸ್‌ಬಾಲ್ ತಮ್ಮೂರಿಗೆ ಬರಲಿ ಅಂತ ಎಷ್ಟೋ ವರ್ಷದಿಂದ ಕಾದಿದ್ದರು. ಅವರಿಗೆ ಸಿಕ್ಕಿದ್ದು 18-3. ನಮ್ಮ ಪಿಚರ್‌ಗಳು (ಚೆಂಡು ಎಸೆಯುವವರು) ಚೆಂಡನ್ನು ಹದಕ್ಕೆ ಹಾಕಲಾಗದೆ ವಾಕ್ ಮೇಲೆ ವಾಕ್ ಕೊಟ್ಟರು, ಅಂದರೆ ತಪ್ಪು ಎಸೆತಗಳಿಂದ ಎದುರಾಳಿಗೆ ಪುಕ್ಕಟೆಯಾಗಿ ಮೊದಲ ಬೇಸ್ ಬಿಟ್ಟುಕೊಟ್ಟರು. ಕಬ್ಸ್‌ನ ಕ್ಯಾಚರ್ ಕಾರ್ಸನ್ ಕೆಲಿ ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್ ನಾಲ್ಕನ್ನೂ ಹೊಡೆದು 'ಸೈಕಲ್' ಮುಗಿಸಿದರು. 1993ರಲ್ಲಿ ಮಾರ್ಕ್ ಗ್ರೇಸ್ ಮಾಡಿದ ಮೇಲೆ ಕಬ್ಸ್ ತಂಡದ ಇನ್ಯಾರಿಗೂ ಅದು ಆಗಿರಲಿಲ್ಲ. ಒಳ್ಳೆಯ ಆಟಕ್ಕೆ ಚಪ್ಪಾಳೆ ತಟ್ಟಲೇಬೇಕು, ತಟ್ಟಿದೆವು. ಆದರೆ ಆ ದಾಖಲೆಯ ಪಕ್ಕದಲ್ಲಿ ನಮ್ಮ ಮೊದಲ ದಿನದ ತಾರೀಖು ಇನ್ನು ಯಾವತ್ತೂ ಇರುತ್ತದೆ.

ಎರಡನೇ ಪಂದ್ಯಕ್ಕೆ ನಾವೇ ಹೋದೆವು. ಮೈದಾನ ಚೆನ್ನಾಗಿದೆ. ಬಂಗಾರದ ಬಣ್ಣದ ಟವರ್ ಬ್ರಿಡ್ಜ್ ಹತ್ತಿರದಲ್ಲೇ ಇದೆ, ಬೇಲಿಯಾಚೆ ಹುಲ್ಲಿನ ಇಳಿಜಾರಿನಲ್ಲಿ ಜನ ಕಂಬಳಿ ಹಾಸಿಕೊಂಡು ಕೂತಿದ್ದರು, ಬಾಗಿಲಲ್ಲಿ ನಿಂತಿದ್ದ ಕೆಲಸದವರು ನಗುನಗುತ್ತಾ ಮಾತಾಡಿಸಿದರು. ಅಲ್ಲಿನ ಜನರ ಮೇಲೆ ನನ್ನ ದೂರು ಒಂದೂ ಇಲ್ಲ. ಆದರೆ ಆಟದ ನಡುವೆ ಒಂದು ಸಂಗತಿ ನಡೆಯಿತು, ಅದಕ್ಕೇ ಈ ಪತ್ರ.

ನಮ್ಮವರು ಬ್ಯಾಟಿಂಗ್‌ಗೆ ಬಂದಿದ್ದರು. ಬೇಸ್ ಮೇಲೆ ಆಟಗಾರರಿದ್ದರು, ಪಂದ್ಯ ಇನ್ನೂ ಕೈಯಲ್ಲಿತ್ತು. ನಮ್ಮ ಹಿಂದಿನ ಸಾಲಿನಿಂದ ಯಾರೋ 'ಲೆಟ್ಸ್ ಗೋ ಓಕ್‌ಲ್ಯಾಂಡ್' ಅಂತ ಶುರು ಮಾಡಿದರು, ಹಳೇ ತಾಳದಲ್ಲೇ. ನಾಲ್ಕಾರು ಜನ ಚಪ್ಪಾಳೆ ಸೇರಿಸಿದರು. ಆಗಲೇ ಇನ್ನೊಂದು ಕಡೆಯಿಂದ 'ಸ್ಯಾಕ್ರಮೆಂಟೊ' ಅನ್ನುವ ಕೂಗು ಎದ್ದಿತು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದು, ಸ್ವಲ್ಪ ಹೊತ್ತಿಗೆ ಎರಡೂ ನಿಂತುಹೋದವು. ಆ ಖಾಲಿಯಲ್ಲಿ ನೀಲಿ ಅಂಗಿಯ ಕಬ್ಸ್ ಅಭಿಮಾನಿಗಳು 'ಗೋ ಕಬ್ಸ್ ಗೋ' ಅಂದರು. ಅವರಿಗೆ ಏನು ಕೂಗಬೇಕು ಅನ್ನುವ ಗೊಂದಲವೇ ಇರಲಿಲ್ಲ. ಎರಡು ಸಾವಿರ ಮೈಲಿ ದೂರದ ಊರಿನವರು ನಮ್ಮ ಮೈದಾನದಲ್ಲಿ ಒಂದೇ ದನಿಯಲ್ಲಿ ಕೂಗುತ್ತಿದ್ದರು. ನಾವು ನಮ್ಮ ಟೀಮ್ ಹೆಸರು ಹೇಳಲು ತಡವರಿಸುತ್ತಿದ್ದೆವು.

ಇದಕ್ಕೆ ಕಾರಣ ಅಭಿಮಾನಿಗಳಲ್ಲ ಸ್ವಾಮಿ. ತಂಡದ ಹೆಸರಿನ ಮುಂದೆ ಯಾವ ಊರೂ ಬೇಡ, ಬರೀ 'ಅಥ್ಲೆಟಿಕ್ಸ್' ಸಾಕು ಅಂತ ತೀರ್ಮಾನ ಮಾಡಿದವರು ನೀವು. ಲೀಗಿನ ಪಟ್ಟಿಯಲ್ಲಿ ಉಳಿದ 29 ತಂಡಗಳಿಗೂ ಊರೋ ಪ್ರದೇಶವೋ ರಾಜ್ಯವೋ ಇದೆ, ನಮಗಿಲ್ಲ. 2025ರ ಅಂಗಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊದ ಪಟ್ಟಿ, ಇನ್ನೊಂದರ ಮೇಲೆ ಲಾಸ್ ವೇಗಸ್‌ನದು. ಎದೆಯ ಮೇಲೆ ಯಾವ ಊರೂ ಇಲ್ಲ. ಸ್ಯಾಕ್ರಮೆಂಟೊದವರು ಮೂರು ವರ್ಷ ದುಡ್ಡು ಕೊಟ್ಟು ಬಂದು ಕೂರಬೇಕು, ಆದರೆ ತಂಡ ತಮ್ಮೂರಿನದು ಅಂತ ಹೇಳಿಕೊಳ್ಳುವ ಹಾಗಿಲ್ಲ. ಇದು ಅವರಿಗೆ ಮಾಡುವ ಅವಮಾನ ಅಲ್ವಾ?

ಜನ ಬರದಿದ್ದಕ್ಕೆ ಓಕ್‌ಲ್ಯಾಂಡ್ ಬಿಡಬೇಕಾಯಿತು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಸೋತರೆ ಅಭಿಮಾನಿ ಓಡಿಹೋಗುತ್ತಾನೆ ಅಂತ ನಿಮ್ಮ ಲೆಕ್ಕ ಇದ್ದರೆ ಅದು ತಪ್ಪು. 2019ರ ಅಕ್ಟೋಬರ್ 2ರಂದು ಟ್ಯಾಂಪಾ ಬೇ ರೇಸ್ ಎದುರು ವೈಲ್ಡ್ ಕಾರ್ಡ್ ಪಂದ್ಯ (ಸೋತರೆ ಆ ವರ್ಷದ ಆಟವೇ ಮುಗಿಯುವ ಒಂದೇ ಪಂದ್ಯ) ಕೊಲಿಸಿಯಂನಲ್ಲಿ ನಡೆಯಿತು. 54,005 ಜನ. ಆ ವರ್ಷ ತಂಡ 97 ಪಂದ್ಯ ಗೆದ್ದಿತ್ತು. ಊರಿಂದ ಬಂದಿದ್ದ ನಮ್ಮಪ್ಪನೂ ಜೊತೆಗಿದ್ದರು. ಬಲಗಡೆಯ ಬ್ಲೀಚರ್‌ನಲ್ಲಿ ಡೋಲು ಬಾರಿಸುವವರನ್ನು ನೋಡಿ, ಆಟ ಪೂರ್ತಿ ಅರ್ಥವಾಗದಿದ್ದರೂ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು. ನಾವು 5-1ರಲ್ಲಿ ಸೋತೆವು. ವಾಪಸ್ ರೈಲಿನಲ್ಲಿ ಅಪ್ಪ ಅಂದದ್ದು ಇಷ್ಟೇ: "ಸೋತ್ರೂ ಜನ ಎದ್ದು ಹೋಗ್ಲಿಲ್ಲ ನೋಡು." ಮುಂದಿನ ವರ್ಷದ ಟಿಕೆಟ್ ಯಾವಾಗ ಬಿಡ್ತಾರೆ ಅಂತ ಆ ಬೋಗಿಯಲ್ಲಿ ಆಗಲೇ ಮಾತು ಶುರುವಾಗಿತ್ತು.

ನಮ್ಮೂರಿನ ಕಡೆಯದೂ ಒಂದು ಮಾತು ಹೇಳಿಬಿಡುತ್ತೇನೆ. ಮೂರನೇ ಪಂದ್ಯದ ದಿನ, ಏಪ್ರಿಲ್ 2ರಂದು, ಬೆಳಗ್ಗೆ ಎದ್ದು ಕಾಫಿ ಹಿಡಿದು ಆರ್‌ಸಿಬಿ ಮ್ಯಾಚ್ ಹಾಕಿಕೊಂಡಿದ್ದೆ. ಅವರಿಗೂ ಅದು ಈ ವರ್ಷದ ಮೊದಲ ತವರು ಪಂದ್ಯ. ಚಿನ್ನಸ್ವಾಮಿಯಲ್ಲಿ ಗುಜರಾತ್ ಟೈಟನ್ಸ್ ಎಂಟು ವಿಕೆಟ್‌ನಿಂದ ಗೆದ್ದರು. ಬೆಳಗ್ಗೆ ಒಂದು ಸೋಲು, ಆಮೇಲೆ ಇನ್ನೊಂದು. 2008ರಿಂದ 2024ರ ತನಕ 17 ಸೀಸನ್‌ನಲ್ಲಿ ಆರ್‌ಸಿಬಿ ಒಂದು ಸಲವೂ ಐಪಿಎಲ್ ಕಪ್ ಎತ್ತಿರಲಿಲ್ಲ. ಆದರೂ ಚಿನ್ನಸ್ವಾಮಿ ಯಾವ ವರ್ಷ ಖಾಲಿ ಬಿದ್ದಿತ್ತು ಹೇಳಿ? ಪ್ರತಿ ವರ್ಷ ಜನ 'ಈ ಸಲ ಕಪ್ ನಮ್ದೇ' ಅನ್ನುತ್ತಿದ್ದರು, ತಂಡ ಸೋಲುತ್ತಿತ್ತು, ಮುಂದಿನ ವರ್ಷ ಜನ ಮತ್ತೆ ಬರುತ್ತಿದ್ದರು. ಯಾಕೆಂದರೆ ಆ ತಂಡ ಎಲ್ಲಿಗೂ ಹೋಗುವುದಿಲ್ಲ ಅಂತ ಅವರಿಗೆ ಗೊತ್ತು. ಅಂಗಿಯ ಮೇಲೆ ತಮ್ಮೂರಿನ ಹೆಸರಿದೆ. 2024ರಲ್ಲಿ ಅದನ್ನು ಜನ ಕರೆಯುವ ಹಾಗೆಯೇ 'ಬೆಂಗಳೂರು' ಅಂತ ತಿದ್ದಿಯೂ ಇದ್ದಾರೆ. ಸೋಲನ್ನು ಜನ ತಡೆದುಕೊಳ್ಳುತ್ತಾರೆ. ಮಾಲೀಕರಿಗೇ ತಾವು ಬೇಡ ಅನ್ನುವುದನ್ನು ತಡೆದುಕೊಳ್ಳುವುದು ಕಷ್ಟ.

ಓಕ್‌ಲ್ಯಾಂಡ್‌ನಲ್ಲಿ ಜನ ಬರುವುದು ನಿಂತದ್ದು ಯಾವಾಗ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. 2018, 2019, ಎರಡೂ ವರ್ಷ 97 ಗೆಲುವು. 2020ರಲ್ಲಿ ಡಿವಿಜನ್ ಗೆದ್ದೆವು. ಆಮೇಲೆ ಮಾರ್ಕಸ್ ಸೆಮಿಯನ್ ಅವರನ್ನು ಉಳಿಸಿಕೊಳ್ಳಲಿಲ್ಲ. 2022ರ ಮಾರ್ಚ್‌ನಲ್ಲಿ ಮ್ಯಾಟ್ ಓಲ್ಸನ್ ಅಟ್ಲಾಂಟಾಗೆ, ಮ್ಯಾಟ್ ಚಾಪ್ಮನ್ ಟೊರಾಂಟೊಗೆ. ಆ ವರ್ಷದ ಕೊನೆಗೆ ಶಾನ್ ಮರ್ಫಿಯೂ ಅಟ್ಲಾಂಟಾಗೆ. ಮಕ್ಕಳು ಯಾರ ಹೆಸರಿನ ಅಂಗಿ ಹಾಕಿಕೊಂಡರೂ ಆ ಆಟಗಾರ ಮುಂದಿನ ವರ್ಷ ಇರುತ್ತಿರಲಿಲ್ಲ. 2023ರಲ್ಲಿ ಫಲ ಬಂತು: 50 ಗೆಲುವು, 112 ಸೋಲು. ಆ ಮೇ ತಿಂಗಳ ಒಂದು ಪಂದ್ಯಕ್ಕೆ 2,064 ಜನ. ಈ ಸಂಖ್ಯೆಯನ್ನು ಎಲ್ಲರೂ ತೋರಿಸುತ್ತಾರೆ. ಅದಕ್ಕೆ ಮುಂಚಿನ ಎರಡು ವರ್ಷ ಏನಾಯಿತು ಅನ್ನುವುದನ್ನು ತೋರಿಸುವುದಿಲ್ಲ.

ಅದೇ ವರ್ಷ ಜೂನ್ 13ರಂದು ನಿಮ್ಮ ಅಭಿಮಾನಿಗಳು ಏನು ಮಾಡಿದರು ಗೊತ್ತಲ್ಲ. ಬಹಿಷ್ಕಾರದ ಬದಲು, ಬೇಕೆಂದೇ ಮೈದಾನ ತುಂಬಿಸಲು ಹೊರಟರು. ಮಂಗಳವಾರ, ಕೆಲಸದ ದಿನ. 27,759 ಜನ ಬಂದರು. ಹಸಿರು ಅಂಗಿಯ ಮೇಲೆ ಒಂದೇ ಪದ: ಮಾರಿಬಿಡಿ. ತಂಡವನ್ನು, ಅಂತ. ಆ ಹೊತ್ತಿಗೆ ಲೀಗಿನಲ್ಲೇ ಎಲ್ಲರಿಗಿಂತ ಮುಂದಿದ್ದ ರೇಸ್ ತಂಡವನ್ನು ನಮ್ಮ ಹುಡುಗರು 2-1ರಿಂದ ಸೋಲಿಸಿದರು. ಸತತ ಏಳನೇ ಗೆಲುವು ಅದು. ಅದೇ ದಿನ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ನಿಮ್ಮ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆ ಪಾಸು ಮಾಡಿತು. ನವೆಂಬರ್‌ನಲ್ಲಿ ಲೀಗಿನ ಮಾಲೀಕರೆಲ್ಲ ಸೇರಿ ವೇಗಸ್‌ಗೆ ಹೋಗಲು 30-0 ಮತದಿಂದ ಒಪ್ಪಿಗೆ ಕೊಟ್ಟರು. ಒಬ್ಬರಾದರೂ ಬೇಡ ಅನ್ನಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ, ಓಕ್‌ಲ್ಯಾಂಡ್‌ನ ಕೊನೆಯ ಸರಣಿಗೆ ಮುಂಚೆ, ನೀವು ಅಭಿಮಾನಿಗಳಿಗೆ ಒಂದು ಪತ್ರ ಬರೆದಿರಿ. ಪ್ರಯತ್ನ ಪಟ್ಟೆವು, ಆಗಲಿಲ್ಲ, ಕ್ಷಮಿಸಿ ಅನ್ನುವುದು ಅದರ ಸಾರ. ಅದನ್ನು ಪೂರ್ತಿ ಓದಿದ್ದೇನೆ. ಪ್ರಯತ್ನಗಳನ್ನು ನಾನೂ ನೋಡಿದ್ದೇನೆ. ನೀವು ತಂಡ ಕೊಂಡದ್ದು 2005ರಲ್ಲಿ, ಲೂ ವೂಲ್ಫ್ ಜೊತೆ. ಮುಂದಿನ ವರ್ಷವೇ ನಮ್ಮ ಫ್ರೀಮಾಂಟ್‌ನಲ್ಲಿ ಸ್ಟೇಡಿಯಂ ಅಂದಿರಿ. 2009ರಲ್ಲಿ ಕೈಬಿಟ್ಟಿರಿ. ಆಮೇಲೆ ಸ್ಯಾನ್ ಹೋಸೆ. ಆ ಊರು ತಮ್ಮ ವ್ಯಾಪ್ತಿ ಅಂತ ಜೈಂಟ್ಸ್ ಅಡ್ಡ ಬಂದರು, ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2015ರಲ್ಲಿ ಅದೂ ಮುಗಿಯಿತು. 2017ರಲ್ಲಿ ಲೇನಿ ಕಾಲೇಜ್ ಪಕ್ಕದ ಜಾಗ, ಅವರು ಆಗಲ್ಲ ಅಂದರು. ಆಮೇಲೆ ಬಂದರಿನ ಹತ್ತಿರದ ಹೊವರ್ಡ್ ಟರ್ಮಿನಲ್, 1,200 ಕೋಟಿ ಡಾಲರ್‌ನ ದೊಡ್ಡ ಯೋಜನೆ. 2023ರ ಏಪ್ರಿಲ್‌ನಲ್ಲಿ ಓಕ್‌ಲ್ಯಾಂಡ್ ನಗರಸಭೆ ಇನ್ನೂ ಮಾತುಕತೆಯಲ್ಲಿದ್ದಾಗಲೇ ನೀವು ವೇಗಸ್‌ನಲ್ಲಿ ಜಾಗ ನೋಡಿದ ಸುದ್ದಿ ಬಂತು. ಇದರಲ್ಲಿ ಎಲ್ಲಾ ತಪ್ಪೂ ನಿಮ್ಮದೇ ಅಂತ ನಾನು ಹೇಳಲ್ಲ. ಜೈಂಟ್ಸ್ ಬಿಡಲಿಲ್ಲ, ನಗರಸಭೆ ನಿಧಾನ ಮಾಡಿತು. ಆದರೆ ಇಷ್ಟೆಲ್ಲಾ ವರ್ಷ ಹಳೇ ಕೊಲಿಸಿಯಂನ ಚರಂಡಿ ಉಕ್ಕುವುದೂ ನಿಲ್ಲಲಿಲ್ಲ, ಒಳ್ಳೆಯ ಆಟಗಾರರನ್ನು ಕಳಿಸುವುದೂ ನಿಲ್ಲಲಿಲ್ಲ. ಹೊಸ ಮನೆ ಕಟ್ಟುವ ತನಕ ಹಳೇ ಮನೆಯ ದೀಪವನ್ನಾದರೂ ಉರಿಸಬೇಕಿತ್ತು.

ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ ಬಂದರು. ನಮ್ಮ ಹಳೇ ಪಿಚರ್ ಬ್ಯಾರಿ ಝಿಟೊ ರಾಷ್ಟ್ರಗೀತೆ ಹಾಡಿದರು. ಹಳೇ ಆಟಗಾರರಾದ ರಿಕಿ ಹೆಂಡರ್ಸನ್, ಡೇವ್ ಸ್ಟೀವರ್ಟ್ ಗೌರವದ ಮೊದಲ ಚೆಂಡು ಎಸೆದರು. ಟೆಕ್ಸಸ್ ರೇಂಜರ್ಸ್ ಎದುರು 3-2ರಲ್ಲಿ ಗೆದ್ದೆವು. ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು, ಕೊನೆಯ ಸಲ ಎಲ್ಲರ ಕೈಲಿ 'ಲೆಟ್ಸ್ ಗೋ ಓಕ್‌ಲ್ಯಾಂಡ್' ಹೇಳಿಸಿದರು. ಜನ ಅಳುತ್ತಿದ್ದರು. ದೊಡ್ಡ ದೊಡ್ಡ ಗಂಡಸರು, ಮುಖ ಮುಚ್ಚಿಕೊಳ್ಳದೆ. ಮೂರು ತಿಂಗಳು ಕಳೆಯುವ ಮುಂಚೆಯೇ ಡಿಸೆಂಬರ್ 20ರಂದು ರಿಕಿ ತೀರಿಕೊಂಡರು. 1,406 ಬೇಸ್ ಕದ್ದವರು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡುವುದೇ ಕದಿಯುವುದು), ಅದೇ ಮೈದಾನದಲ್ಲಿ 1991ರ ಮೇ 1ರಂದು ಲೂ ಬ್ರಾಕ್ ದಾಖಲೆ ಮುರಿದವರು. ಓಕ್‌ಲ್ಯಾಂಡ್‌ನಲ್ಲೇ ಬೆಳೆದ ಹುಡುಗ. ಆ ಮೈದಾನಕ್ಕೆ ಅವರದೇ ಹೆಸರಿತ್ತು. ಈಗ ಅಲ್ಲಿ ನಿಮ್ಮ ತಂಡ ಇಲ್ಲ.

ಇದೆಲ್ಲಾ ಹಳೇ ನೋವು. ಇನ್ನು ಮುಂದಿನದನ್ನು ಕೇಳುತ್ತೇನೆ.

ಮೊದಲನೆಯದಾಗಿ, ಸ್ಯಾಕ್ರಮೆಂಟೊದಲ್ಲಿ ಆಡುವಷ್ಟು ದಿನ ಅಂಗಿಯ ಎದೆಯ ಮೇಲೆ ಸ್ಯಾಕ್ರಮೆಂಟೊ ಅಂತ ಬರೆಸಿ. ಮೂರು ವರ್ಷಕ್ಕೆ ಯಾಕೆ ಅನ್ನಬೇಡಿ. ಆ ಊರಿಗೂ ನಿಮಗೂ ಹಳೇ ನಂಟಿದೆ. 2000ದಿಂದ 2014ರ ತನಕ ಅಲ್ಲಿನ ರಿವರ್ ಕ್ಯಾಟ್ಸ್ ನಿಮ್ಮದೇ ಟ್ರಿಪಲ್-ಎ ತಂಡವಾಗಿತ್ತು, ಅಂದರೆ ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ತಂಡ. ನಿಮ್ಮ ಎಷ್ಟೋ ಹುಡುಗರು ಇದೇ ಹುಲ್ಲಿನ ಮೇಲೆ ಆಡಿ ಓಕ್‌ಲ್ಯಾಂಡ್‌ಗೆ ಬಂದರು. ಆ ಜನ ಅವರನ್ನು ಬೆಳೆಸಿ ಕಳಿಸಿದ್ದಾರೆ. ನಾನು ಓಕ್‌ಲ್ಯಾಂಡ್ ಕಡೆಯವನು, ಆ ಹೆಸರು ನೋಡಿದರೆ ನನಗೆ ಸಂಕಟ ಆಗುತ್ತದೆ. ಆದರೂ ಕೇಳುತ್ತಿದ್ದೇನೆ. ಕೂಗುವುದಕ್ಕೆ ಒಂದು ಹೆಸರು ಇರಲಿ. ಮೈದಾನದಲ್ಲಿ ಒಂದು ಊರಾದರೂ ಗಟ್ಟಿಯಾಗಿ ನಿಲ್ಲಲಿ.

ಎರಡನೆಯದು ಆಟಗಾರರದ್ದು. ಈ ಚಳಿಗಾಲದಲ್ಲಿ ನೀವು ದುಡ್ಡು ಬಿಚ್ಚಿದ್ದೀರಿ, ಅದನ್ನು ಒಪ್ಪಿಕೊಳ್ಳಬೇಕು. ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್, ತಂಡದ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ಬ್ರೆಂಟ್ ರೂಕರ್, ಲಾರೆನ್ಸ್ ಬಟ್ಲರ್ ಇಬ್ಬರನ್ನೂ ಬಹಳ ವರ್ಷಕ್ಕೆ ಉಳಿಸಿಕೊಂಡಿದ್ದೀರಿ. ಇದೇ ಕೆಲಸವನ್ನು ಓಲ್ಸನ್, ಚಾಪ್ಮನ್ ಇದ್ದಾಗ ಮಾಡಿದ್ದರೆ ಅನ್ನುವ ಪ್ರಶ್ನೆ ನುಂಗಿಕೊಂಡು ಹೇಳುತ್ತೇನೆ, ಸಂತೋಷ. ಆದರೆ ಕಬ್ಸ್ ಎದುರು ಕಂಡದ್ದು ಪಿಚಿಂಗ್‌ನ ಬಡತನ. ಅದನ್ನು ಸರಿ ಮಾಡಿ. ಜೇಕಬ್ ವಿಲ್ಸನ್‌ನಂಥ ಎಳೆಯರು ದೊಡ್ಡವರಾದ ಕೂಡಲೇ ಮಾರುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಮಗುವಿಗೆ ಅಂಗಿ ಕೊಡಿಸುವ ಅಪ್ಪ-ಅಮ್ಮಂದಿರಿಗೆ ಆ ಒಂದು ಮಾತು ಬೇಕು.

ಮೈದಾನದ ಸೌಲಭ್ಯದ ಬಗ್ಗೆ ಜಾಸ್ತಿ ಹೇಳಲ್ಲ, ಎರಡೇ ಮಾತು. ಆಟಗಾರರ ಕ್ಲಬ್‌ಹೌಸ್ ಎಡಗಡೆ ಬೇಲಿಯ ಆಚೆ ಇದೆ. ಡಗ್‌ಔಟ್‌ನಿಂದ ಅಲ್ಲಿಗೆ ಒಳದಾರಿ ಇಲ್ಲ, ಹೋಗಬೇಕಾದರೆ ಎಲ್ಲರ ಕಣ್ಣೆದುರು ಮೈದಾನದ ಉದ್ದಕ್ಕೂ ನಡೆಯಬೇಕು. ದೊಡ್ಡ ಲೀಗಿನ ಆಟಗಾರನಿಗೆ ಇದು ತೊಂದರೆಯೇ. ಮತ್ತೆ ಬಿಸಿಲು. ಜುಲೈ, ಆಗಸ್ಟ್‌ನಲ್ಲಿ ಸ್ಯಾಕ್ರಮೆಂಟೊದಲ್ಲಿ 38 ಡಿಗ್ರಿ ದಾಟುವುದು ಮಾಮೂಲಿ. ಕೃತಕ ಹುಲ್ಲು ಹಾಕುತ್ತೇವೆ ಅಂದಿದ್ದವರು ಆಟಗಾರರ ಮಾತು ಕೇಳಿ ನಿಜವಾದ ಹುಲ್ಲನ್ನೇ ಉಳಿಸಿದ್ದೀರಿ, ಒಳ್ಳೆಯದಾಯಿತು. ನೋಡುವವರಿಗೂ ಅಷ್ಟೇ ಕಾಳಜಿ ತೋರಿಸಿ. ನೆರಳು ಹಾಕಿಸಿ, ಕುಡಿಯುವ ನೀರು ಪುಕ್ಕಟೆ ಸಿಗುವ ಹಾಗೆ ಮಾಡಿ, ಬೇಸಿಗೆಯ ಮಧ್ಯಾಹ್ನದ ಪಂದ್ಯಗಳನ್ನು ಆದಷ್ಟು ಸಂಜೆಗೆ ತಳ್ಳಿ. ಹುಲ್ಲಿನ ಇಳಿಜಾರಿನಲ್ಲಿ ಪುಟ್ಟ ಮಕ್ಕಳನ್ನು ಕರೆದುಕೊಂಡು ಕೂರುವವರು ಬಹಳ ಜನ.

ಕೊನೆಯದು ಓಕ್‌ಲ್ಯಾಂಡ್‌ಗಾಗಿ. 1968ರಿಂದ 2024ರ ತನಕ ಆ ಊರು ನಿಮ್ಮ ತಂಡವನ್ನು ಸಾಕಿತು. 1972, 73, 74, ಮತ್ತೆ 1989, ನಾಲ್ಕು ವರ್ಲ್ಡ್ ಸೀರೀಸ್ ಅಲ್ಲಿ ಇದ್ದಾಗ ಗೆದ್ದದ್ದು. ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ಹೋದರು, ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ಹೋದರು, ಈಗ ನೀವು. ಆ ಜನ ಸುಮ್ನೆ ಕೂತಿಲ್ಲ. ಓಕ್‌ಲ್ಯಾಂಡ್ ಬಾಲರ್ಸ್ ಅಂತ ಹೊಸ ತಂಡ ಕಟ್ಟಿಕೊಂಡು, ವೆಸ್ಟ್ ಓಕ್‌ಲ್ಯಾಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಆಡಿಸುತ್ತಿದ್ದಾರೆ. ಅಭಿಮಾನಿಗಳೂ ಅದರ ಪಾಲುದಾರರು. ನಾನು ನಿಮ್ಮಲ್ಲಿ ಕೇಳುವುದು, ಆ ನಾಲ್ಕು ಗೆಲುವಿನ ಬಾವುಟ, ಟ್ರೋಫಿ, ರಿಕಿಯ ವಸ್ತುಗಳು, ಇವನ್ನು ವೇಗಸ್‌ಗೆ ಸಾಗಿಸಬೇಡಿ. ಓಕ್‌ಲ್ಯಾಂಡ್‌ನಲ್ಲೇ ಜನ ಬಂದು ನೋಡುವ ಒಂದು ಜಾಗದಲ್ಲಿ ಇಡಿಸಿ. ರಿಕಿ ಆಡಿ ಬೆಳೆದ ಊರಿನ ಶಾಲೆಗಳ ಬೇಸ್‌ಬಾಲ್ ಮೈದಾನಗಳನ್ನು ನೋಡಿಕೊಳ್ಳಲು ಅವರ ಹೆಸರಿನಲ್ಲಿ ಒಂದು ನಿಧಿ ಇಡಿ. ನೂರಾರು ಕೋಟಿ ಡಾಲರ್‌ನ ಸ್ಟೇಡಿಯಂ ಕಟ್ಟಲು ಹೊರಟವರಿಗೆ ಅದು ಭಾರ ಆಗುವ ಮೊತ್ತವಲ್ಲ.

ಇವತ್ತಿಗೆ ಸರಿಯಾಗಿ ಒಂದು ವರ್ಷದ ಹಿಂದೆ, 2024ರ ಏಪ್ರಿಲ್ 4ರಂದು, ಸ್ಯಾಕ್ರಮೆಂಟೊಗೆ ಹೋಗುತ್ತೇವೆ ಅಂತ ನೀವು ಘೋಷಿಸಿದಿರಿ. ಆಗಿಂದ ಅಭಿಮಾನಿಗಳ ಎದುರು ಕೂತು ಅವರ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಈ ಸೀಸನ್ ಮುಗಿಯುವುದರೊಳಗೆ ಒಂದು ಸಂಜೆ ಓಕ್‌ಲ್ಯಾಂಡ್‌ನಲ್ಲಿ, ಒಂದು ಸಂಜೆ ಸ್ಯಾಕ್ರಮೆಂಟೊದಲ್ಲಿ ಬಾಗಿಲು ತೆರೆದ ಸಭೆ ಕರೆಯಿರಿ. ತಾರೀಖು ಹೇಳಿ, ನಾವು ಬರುತ್ತೇವೆ.

ಇಂತಿ,
ಫ್ರೀಮಾಂಟ್‌ನ ಒಬ್ಬ ಎ'ಸ್ ಅಭಿಮಾನಿ